ಕೇಳಿ ತಂದ ಗಾಡಿ, ಕೊಂಡು ತಂದ ಗಾಡಿ

ಸಣ್ಣ ಕಾರುಗಳ ತಾರತಮ್ಯ ವಿವೇಚನೆಯು ನಮ್ಮ ಸೀಮೆಯಲ್ಲಿ ಒಂದೇ ಪ್ರಶ್ನೆಯಿಂದ ಆರಂಭವಾಗಿ ಅದೇ ಪ್ರಶ್ನೆಯಲ್ಲಿ ಮುಕ್ತಾಯವನ್ನೂ ಹೊಂದುತ್ತದೆ. ಬನಹಟ್ಟಿಯ ಚಹದಂಗಡಿಯ ಮುಂದೆ ಹೊಸ ಗಾಡಿಯೊಂದು ಬಂದು ನಿಂತಿತೆಂದರೆ, ಅದರ ಬಣ್ಣವನ್ನಾಗಲಿ ಆಕಾರವನ್ನಾಗಲಿ ಮಾಲಕನ ಮುಖದ ಹರ್ಷವನ್ನಾಗಲಿ ಯಾರೂ ಗಮನಿಸುವುದಕ್ಕೆ ಮುನ್ನವೇ, ಬೆಂಚಿನ ಮೇಲಿಂದ "ಎವರೇಜ್ ಎಷ್ಟ ಕೊಡತೈತ್ರಿ?" ಎಂಬ ಮಾತು ಹೊರಬಿದ್ದಿರುತ್ತದೆ. ಮಾಲಕನು ಇಪ್ಪತ್ತೆರಡು ಎಂದರೆ, ಕೇಳಿದವನ ಭಾವನ ಗಾಡಿಯು ಇಪ್ಪತ್ತೈದಕ್ಕೆ ಕಡಿಮೆ ಎಂದೂ ಕೊಟ್ಟಿರುವುದಿಲ್ಲ. ಆ ಪ್ರಶ್ನೆಯನ್ನು ನಾನು ಅಲ್ಲಗಳೆಯುವವನಲ್ಲ. ಪೆಟ್ರೋಲಿನ ಧಾರಣೆಯನ್ನು ಬಲ್ಲ ಯಾವ ಸಂಸಾರಿಯೂ ಅಲ್ಲಗಳೆಯಲಾರ. ಆದರೆ ಗಾಡಿಯನ್ನು ಅಳೆಯುವುದಕ್ಕೆ ನನ್ನಲ್ಲಿ ಇನ್ನೊಂದು ಮಾನದಂಡವಿದೆ: ಈ ಗಾಡಿ ಬರುವುದಕ್ಕೆ ಮುಂಚೆ ಇವನು ಯಾರ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ, ಇನ್ನು ಮುಂದೆ ಇವನ ಬಾಗಿಲಿಗೆ ಯಾರು ಬಂದು ನಿಲ್ಲುವರು?

ನಾನು ಬನಹಟ್ಟಿಯ ನೇಕಾರರ ಓಣಿಯಲ್ಲಿ ಹುಟ್ಟಿ, ಜಮಖಂಡಿಯಲ್ಲಿ ಪಾಠ ಹೇಳಿ ಹೊಟ್ಟೆ ಹೊರೆದವನು. ತಂಗಿಯನ್ನು ಕೊಟ್ಟದ್ದು ಮುಧೋಳಕ್ಕೆ, ಮಗಳನ್ನು ಕೊಟ್ಟದ್ದು ಬೀಳಗಿಗೆ. ನನ್ನ ಲೋಕವೆಲ್ಲ ಕೃಷ್ಣೆ ಘಟಪ್ರಭೆಗಳ ನಡುವಣ ಈ ನಾಲ್ಕು ಊರುಗಳಲ್ಲಿಯೇ ಅಡಗಿದೆ. ಅರ್ಧ ದಿನದಲ್ಲಿ ಸುತ್ತಿ ಬರಬಹುದಾದ ಈ ಹಾದಿಯು ಸಂಸ್ಥಾನಗಳು ವಿಲೀನವಾದ 1948ರ ವರೆಗೂ ನಾಲ್ಕು ಪ್ರಭುತ್ವಗಳನ್ನು ದಾಟಿ ಹೋಗುತ್ತಿದ್ದಿತು: ಬನಹಟ್ಟಿಯು ಜಮಖಂಡಿಯ ಪಟವರ್ಧನರದು, ಗೋಡೆಗೆ ಗೋಡೆ ತಾಗಿದ ರಬಕವಿಯು ಸಾಂಗಲಿಯ ಪಟವರ್ಧನರದು, ಮುಧೋಳವು ಘೋರ್ಪಡೆಯವರದು, ಬೀಳಗಿಯು ಇಂಗ್ರೇಜರ ವಿಜಾಪುರ ಜಿಲ್ಲೆಗೆ ಸೇರಿದುದು. ಪ್ರಭುತ್ವಗಳು ಹೋದವು, ರೈಲು ಮಾತ್ರ ಬರಲಿಲ್ಲ. ಬಾಗಲಕೋಟೆಯಿಂದ ಕುಡಚಿಗೆ ಹೋಗಬೇಕಾದ ಮಾರ್ಗವು ಮಂಜೂರಾಗಿ ದಶಕಕ್ಕೂ ಮಿಕ್ಕಿ ಕಾಲ ಕಳೆದರೂ ಪೂರ್ಣವಾಗಿಲ್ಲವಾದ ಕಾರಣ, ಬಸ್ಸು ನಿಂತ ಮೇಲೆ ನಮಗೆ ಉಳಿಯುವುದು ಸ್ವಂತದ ಗಾಡಿ, ಅದಿಲ್ಲದಿದ್ದರೆ ಕೇಳಿ ತಂದ ಗಾಡಿ.

ಗಾಡಿ ಕೇಳುವುದೆಂದರೆ ಏನೆಂಬುದನ್ನು ನಾನು ಬಾಲ್ಯದಲ್ಲಿಯೇ ಕಂಡೆನು. ನಮ್ಮ ಓಣಿಗೆಲ್ಲ ಇದ್ದುದು ಒಂದೇ ಕಾರು; ಅದು ನೂಲಿನ ವ್ಯಾಪಾರಿಯೊಬ್ಬರ ಫಿಯಟ್. 1089 ಸಿ.ಸಿ. ಎಂಜಿನ್ನಿನ ಆ ವಾಹನವನ್ನು ಮುಂಬಯಿಯ ಕುರ್ಲಾದಲ್ಲಿ ವಾಲಚಂದ ಹೀರಾಚಂದರು ಕಟ್ಟಿದ ಪ್ರೀಮಿಯರ್ ಕಾರಖಾನೆಯವರು ತಯಾರಿಸುತ್ತಿದ್ದರು. 1974ರ ಸುಮಾರಿಗೆ ಅದಕ್ಕೆ ಪದ್ಮಿನಿ ಎಂಬ ಹೆಸರಾಯಿತು. ಗೇರಿನ ಹಿಡಿಕೆಯು ಸ್ಟಿಯರಿಂಗಿನ ಕೆಳಗೇ ಇದ್ದು, ಮುಂದಿನ ಆಸನವು ಒಂದೇ ಉದ್ದನೆಯ ಬೆಂಚಾಗಿದ್ದುದರಿಂದ, ಡ್ರೈವರನಲ್ಲದೆ ಇನ್ನಿಬ್ಬರು ಮುಂದೆ ಸುಖವಾಗಿ ಕುಳಿತುಕೊಳ್ಳಬಹುದಾಗಿತ್ತು. ಒಂದು ರಾತ್ರಿ ನನ್ನ ತಾಯಿಗೆ ಹೊಟ್ಟೆನೋವು ಉಲ್ಬಣಿಸಿ, ಊರಿನ ಡಾಕ್ಟರರು ಮಿರಜಿಗೆ ಒಯ್ಯಿರೆಂದರು. ನಮ್ಮ ಕಡೆಯವರಿಗೆ ದೊಡ್ಡ ರೋಗವೆಂದರೆ ಮಿರಜ. 1894ರಲ್ಲಿ ವಾನ್ಲೆಸ್ ಎಂಬ ಡಾಕ್ಟರರು ಅಲ್ಲಿ ಸ್ಥಾಪಿಸಿದ ಮಿಶನ್ ಆಸ್ಪತ್ರೆಯ ಕೀರ್ತಿಯು ಕೃಷ್ಣೆಯ ಈ ದಂಡೆಯ ಹಳ್ಳಿಹಳ್ಳಿಗೂ ಹಬ್ಬಿತ್ತು. ನನ್ನ ತಂದೆ ಆ ವ್ಯಾಪಾರಿಯ ಮನೆಯ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು, ಬಾಗಿಲು ತೆರೆಯುವವರೆಗೂ ಕೈಯಲ್ಲಿದ್ದ ರುಮಾಲನ್ನು ಮಡಿಸುವುದು ಬಿಚ್ಚುವುದು ಮಾಡುತ್ತ ನಿಂತರು. "ಸಾವಕಾರ್ರ, ಮಿರಜಿಗಿ ಹೋಗಬೇಕಾಗೇತ್ರಿ..." ಎಂದು ವಾಕ್ಯವನ್ನು ಅರ್ಧಕ್ಕೇ ಬಿಟ್ಟರು. ಆತನು ಸಜ್ಜನ, ಒಂದು ಮಾತೂ ಕೇಳದೆ ಡ್ರೈವರನನ್ನು ಎಬ್ಬಿಸಿ ಕಳುಹಿಸಿದನು, ಪೆಟ್ರೋಲಿನ ಹಣವನ್ನೂ ಮುಟ್ಟಲಿಲ್ಲ. ತಾಯಿ ಬದುಕಿ ಬಂದಳು.

ಆದರೆ ನನ್ನ ತಂದೆ ನೇಯುತ್ತಿದ್ದುದು ಆ ಮನೆಯ ನೂಲನ್ನೇ. ಆ ವರ್ಷ ಓಣಿಯ ನೇಕಾರರೆಲ್ಲ ಸೀರೆಯೊಂದಕ್ಕೆ ಇಷ್ಟು ಮಜೂರಿ ಹೆಚ್ಚಾಗಬೇಕೆಂದು ಕೇಳಹೋದಾಗ ತಂದೆಯವರು ಮನೆಯಲ್ಲಿಯೇ ಉಳಿದರು. ಯಾರೂ ಅವರನ್ನು ತಡೆದಿರಲಿಲ್ಲ. ಸಾವಕಾರನಂತೂ ಆ ರಾತ್ರಿಯ ಉಪಕಾರವನ್ನು ಮರೆತೇ ಬಿಟ್ಟಿದ್ದನೆಂದು ಕಾಣುತ್ತದೆ. ಉಪಕಾರ ಮಾಡಿದವನು ಮರೆಯುವುದು ಸುಲಭ, ಪಡೆದವನು ಮರೆಯುವುದು ಕಷ್ಟ. ಕೊಟ್ಟವನ ಔದಾರ್ಯವು ಹೆಚ್ಚಿದಷ್ಟೂ ಪಡೆದವನ ಹಂಗು ಭಾರವಾಗುತ್ತದೆ. ಸಣ್ಣ ಕಾರಿನ ಕನಸು ಕಂಡವರೆಲ್ಲ, ತಾವು ಅರಿತಿರಲಿ ಅರಿಯದಿರಲಿ, ಈ ಭಾರವನ್ನು ಇಳಿಸುವುದಕ್ಕಾಗಿಯೇ ಶ್ರಮಿಸಿದರೆಂದು ನನಗೆ ತೋರುತ್ತದೆ.

ಆ ಕನಸು ನಮಗೆ ಬಹು ದೂರದ್ದೂ ಆಗಿರಲಿಲ್ಲ. ನಮ್ಮಂತೆಯೇ ಮಗ್ಗಗಳ ಸದ್ದಿನಲ್ಲಿ ಎಚ್ಚರಗೊಳ್ಳುವ, ನಮ್ಮ ನೇಕಾರರಿಗೆ ನೂಲಿನಿಂದಲೂ ನೆಂಟಸ್ತನದಿಂದಲೂ ಪರಿಚಿತವಾದ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ಎಂಬುವರು ಹೆಚ್ಚಿನ ವಿದ್ಯಾಭ್ಯಾಸದ ಬೆಂಬಲವಿಲ್ಲದೆ, ಸ್ವಬುದ್ಧಿಯಿಂದಲೇ ಸಣ್ಣ ಕಾರೊಂದನ್ನು ರೂಪಿಸಹೊರಟರು. ಅದರ ಮೊದಲ ಮಾದರಿಯು 1949ರಲ್ಲಿ ಸಿದ್ಧವಾಯಿತು. ಆಮೇಲೆ ಕಾಲು ಶತಮಾನದ ಕಾಲ ಅವರು ಅದನ್ನು ತಿದ್ದಿ ತೀಡಿ, ಎಂಜಿನ್ನನ್ನು ಹಿಂಬದಿಯಲ್ಲಿಟ್ಟು, ಹನ್ನೆರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮಾರಬಹುದಾದ 'ಮೀರಾ' ಎಂಬ ಗಾಡಿಯನ್ನು ಜನರೆದುರು ನಿಲ್ಲಿಸಿದರು. ಗಾಡಿ ಓಡಿತು, ಸರಕಾರದ ಅನುಮತಿಯ ಕಾಗದ ಓಡಲಿಲ್ಲ. ಅಗ್ಗದ ಕಾರಿನ ವಿಷಯವಾಗಿ ಎಲ್. ಕೆ. ಝಾ ಅವರ ಅಧ್ಯಕ್ಷತೆಯಲ್ಲಿ 1959ರಷ್ಟು ಹಿಂದೆಯೇ ಸಮಿತಿ ಕುಳಿತಿದ್ದ ದೇಶದಲ್ಲಿ, ಸಮಿತಿಯ ಹೊರಗೆ ಒಬ್ಬನು ಕಾರನ್ನೇ ಮಾಡಿ ತೋರಿಸಿದುದು ಯಾರಿಗೂ ಉಪಯೋಗಕ್ಕೆ ಬರಲಿಲ್ಲ.

ನಮ್ಮ ಬೆಂಗಳೂರಿನ ಸಿಪಾನಿಯವರದೂ ಸಾಹಸವೇ. ಮೊದಲು ಮೂರು ಗಾಲಿಯ 'ಬಾದಲ್' ಎಂಬುದನ್ನು ಮಾಡಿ, 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯನ್ನು ಅನುಸರಿಸಿ 'ಡಾಲ್ಫಿನ್' ಎಂಬ ಕಾರನ್ನು ಹೊರತಂದರು. ಅದರ ಮೈ ಫೈಬರ್‌ಗ್ಲಾಸಿನದು, ಎಂಜಿನ್ನು 848 ಸಿ.ಸಿ.ಯದು, ಹಗುರವಾಗಿದ್ದುದರಿಂದ ರ‍್ಯಾಲಿಗಳಲ್ಲಿ ದೊಡ್ಡ ಗಾಡಿಗಳನ್ನು ಹಿಂದಿಕ್ಕುತ್ತಿತ್ತು. ಆದರೆ ಬಾಗಿಲುಗಳು ಎರಡೇ. ಇಳಕಲ್ಲ ಸೀರೆಯುಟ್ಟು ಮಡಿಲಲ್ಲಿ ಕೂಸನ್ನು ಹಿಡಿದ ಹೆಣ್ಣುಮಗಳು ಮುಂದಿನ ಆಸನವನ್ನು ಬಗ್ಗಿಸಿ ಹಿಂದಕ್ಕೆ ನುಸುಳಬೇಕಾದ ಗಾಡಿಯು ಕನ್ನಡ ಸಂಸಾರಗಳಲ್ಲಿ ಹೇಗೆ ನೆಲೆಗೊಂಡೀತು? ಕಂಪನಿಯವರಿಗೂ ಇದು ಹೊಳೆದಿರಬೇಕು. ಮುಂದೆ 'ಮೊಂಟಾನಾ' ಎಂದು ನಾಲ್ಕು ಬಾಗಿಲಿನದನ್ನು ಮಾಡಿದರು. ಅಷ್ಟರಲ್ಲಿ ಮಾರುತಿ ಬಂದಾಗಿತ್ತು.

1983ರ ದಶಂಬರ 14ರಂದು ಇಂದಿರಾ ಗಾಂಧಿಯವರು ಮಾರುತಿ 800ರ ಮೊದಲ ಕೀಲಿಯನ್ನು ಹರಪಾಲ ಸಿಂಗರೆಂಬ ಗ್ರಾಹಕರ ಕೈಗೆ ಕೊಟ್ಟರು. ಜಪಾನಿನ ಸುಝುಕಿಯವರ ಸಹಕಾರದಿಂದ ಬಂದ, ಮೂರು ಸಿಲಿಂಡರುಗಳ, 796 ಸಿ.ಸಿ.ಯ ಆ ಗಾಡಿಯ ಬೆಲೆ ಐವತ್ತು ಸಾವಿರ ರೂಪಾಯಿಯ ಸುತ್ತಮುತ್ತ. ಅದು ಚಳಿಗಾಲದ ಬೆಳಗಿನಲ್ಲಿಯೂ ಒಂದೇ ಕೀಲಿಗೆ ಎದ್ದು ನಿಲ್ಲುತ್ತಿದ್ದಿತೆಂಬುದು, ಹಳೆಯ ಗಾಡಿಗಳನ್ನು ತಳ್ಳಿ ತಳ್ಳಿ ಭುಜ ನೋಯಿಸಿಕೊಂಡ ನಮ್ಮ ಪೀಳಿಗೆಗೆ ಪವಾಡವಾಗಿ ಕಂಡಿತು. ನಾನು ಕೊಂಡದ್ದು ಹೊಸತಲ್ಲ, ಸೆಕೆಂಡ್. ಅದರಲ್ಲಿ ತಂಗಿಯ ಮಗನ ತೊಟ್ಟಿಲು ಮುಧೋಳಕ್ಕೆ ಹೋಯಿತು. ಸೀರೆಯ ಗಂಟುಗಳು ರಬಕವಿಯ ಅಂಗಡಿಗಳಿಗೆ ಹೋದವು. ಜೋಳದ ಚೀಲವು ಹಿಂದಿನ ಆಸನದಲ್ಲಿ ಹಿರಿಯರ ಗಾಂಭೀರ್ಯದಿಂದ ಕುಳಿತು ಬಂದಿತು.

ಗಾಡಿ ಮನೆಯ ಮುಂದೆ ನಿಂತ ಕೆಲವೇ ದಿನಗಳಲ್ಲಿ, ರಾತ್ರಿ ಬಾಗಿಲ ಚಿಲಕ ಸದ್ದಾಯಿತು. ಹೊರಗೆ ನಿಂತಿದ್ದವನು ಬಾಜೂಮನೆಯವನು, "ಮಾಸ್ತರ್ರ, ನಮ್ಮ ಹುಡುಗಿಗೆ ಬ್ಯಾನಿ ಸುರು ಆಗ್ಯಾವ್ರಿ..." ಎಂದು ವಾಕ್ಯವನ್ನು ಅರ್ಧಕ್ಕೇ ಬಿಟ್ಟನು. ಆ ಅರ್ಧವಾಕ್ಯವನ್ನು ನಾನು ಬಲ್ಲವನಾಗಿದ್ದೆನು. ಅದು ಪೂರ್ಣವಾಗುವುದಕ್ಕೆ ಅವಕಾಶ ಕೊಡದೆ ಕೀಲಿಯನ್ನು ತೆಗೆದುಕೊಂಡೆನು. ಒಬ್ಬನನ್ನು ಹಂಗಿನಿಂದ ಬಿಡಿಸಿದ ವಸ್ತುವು ಅವನನ್ನೇ ಇನ್ನೊಬ್ಬರಿಗೆ ಸಾವಕಾರನನ್ನಾಗಿ ಮಾಡುತ್ತದೆಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

2008ರ ಜನವರಿ 10ರಂದು ದಿಲ್ಲಿಯಲ್ಲಿ ರತನ್ ಟಾಟಾ ಅವರು ಒಂದು ಲಕ್ಷದ ನ್ಯಾನೋವನ್ನು ಪ್ರದರ್ಶಿಸಿದಾಗ, ಇನ್ನು ಕೇಳುವವನೂ ಇಲ್ಲ ಕೊಡುವವನೂ ಇಲ್ಲ, ಎಲ್ಲರೂ ಮಾಲಕರೇ ಎಂದು ನಾವು ಹಿಗ್ಗಿದೆವು. ಬಂಗಾಲದ ಸಿಂಗೂರನ್ನು ಬಿಟ್ಟ ನ್ಯಾನೋ ಕಾರಖಾನೆಗೆ ಧಾರವಾಡದ ಬಳಿ ಭೂಮಿ ಕೊಡಲು ನಮ್ಮ ಸರಕಾರವೂ ಮುಂದಾಯಿತು. ಕಾರಖಾನೆ ಗುಜರಾತಿನ ಸಾನಂದಕ್ಕೆ ಹೋಯಿತು. ಗಾಡಿಯು ಕೆಟ್ಟದ್ದಾಗಿರಲಿಲ್ಲ. ಒಳಗೆ ಆರು ಅಡಿಯ ಆಳು ತಲೆ ತಾಗದೆ ಕೂಡ್ರುವನು; 624 ಸಿ.ಸಿ.ಯ ಎಂಜಿನ್ನು ಹಿಂದಿದ್ದುದರಿಂದ ಮುಂದೆ ಕಾಲು ಚಾಚಲು ಸ್ಥಳವಿದ್ದಿತು. ಆದರೆ ಮೊದಲ ನ್ಯಾನೋದ ಹಿಂಬಾಗಿಲು ತೆರೆಯುತ್ತಿರಲಿಲ್ಲ. ಗಂಟುಮೂಟೆಯನ್ನು ಆಸನದ ಬೆನ್ನು ಮಡಚಿ ಒಳಗಿನಿಂದಲೇ ತುರುಕಬೇಕಾಗಿತ್ತು. ಅದಕ್ಕಿಂತ ದೊಡ್ಡ ಅಡ್ಡಿಯು ಬೇರೆ. ಜಗತ್ತಿನಲ್ಲಿಯೇ ಅಗ್ಗವಾದ ಕಾರೆಂದು ಡಂಗುರ ಹೊಡೆದ ಗಾಡಿಯಲ್ಲಿ ಬೀಗರ ಮನೆಯ ಮುಂದೆ ಇಳಿಯುವುದಕ್ಕೆ ನಮ್ಮವರು ಮನಸ್ಸು ಮಾಡಲಿಲ್ಲ. ಬಡವನು ಕಾರನ್ನು ಕೊಳ್ಳುವುದು ತನ್ನ ಬಡತನವನ್ನು ಪ್ರಕಟಿಸುವುದಕ್ಕಲ್ಲವಷ್ಟೆ. 2018ರಲ್ಲಿ ಅದರ ತಯಾರಿಕೆ ನಿಂತಿತು. ಮಾರುತಿ 800 ಅದಕ್ಕೂ ಮುಂಚೆ, 2014ರಲ್ಲಿಯೇ, ವಿಶ್ರಾಂತಿ ಪಡೆದಿತ್ತು.

ನನ್ನ 800 ಈಗ ಮುಪ್ಪಡರಿ, ಹೊಸದೊಂದನ್ನು ಆರಿಸುವ ಕಾಲ ಬಂದಿದೆ. 2025ರ ಸೆಪ್ಟಂಬರ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. ನೂರಕ್ಕೆ ಇಪ್ಪತ್ತೆಂಟರಿಂದ ಹದಿನೆಂಟಕ್ಕೆ ಇಳಿದ ಮೇಲೆ ಮನೆಯಲ್ಲಿ ಈ ಚರ್ಚೆಗೆ ಹುರುಪು ಬಂದಿದೆ. ಫ್ರಾನ್ಸಿನಲ್ಲಿ ಸಿಟ್ರೊಯನ್ ಕಂಪನಿಯ ಬುಲಾಂಜೆ ಎಂಬುವನು, 1948ರಲ್ಲಿ ಬೆಳಕು ಕಂಡ ತನ್ನ ಸಣ್ಣ ಕಾರಿಗೆ ವಿಧಿಸಿದ ಪರೀಕ್ಷೆ ನನಗೆ ಬಹಳ ಮೆಚ್ಚುಗೆಯಾದುದು: ಇಬ್ಬರು ಒಕ್ಕಲಿಗರು, ಐವತ್ತು ಕಿಲೋ ಬಟಾಟೆ, ಒಂದು ಬುಟ್ಟಿ ತತ್ತಿ, ನೇಗಿಲು ಹೊಡೆದ ಹೊಲದಲ್ಲಿ ಹಾದು ಹೋದರೂ ಒಂದು ತತ್ತಿಯೂ ಒಡೆಯಕೂಡದು. ನಮ್ಮ ಎರಿಭೂಮಿಯ ಮೇಲೆ ಹಾಸಿದ ಡಾಂಬರು ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬಿ, ತಾನೇ ನೇಗಿಲ ಸಾಲಾಗುವುದರಿಂದ, ಪರೀಕ್ಷೆಗೆ ಹೊಲದವರೆಗೆ ಹೋಗಬೇಕಾದುದೂ ಇಲ್ಲ.

ಈ ಪರೀಕ್ಷೆಯಲ್ಲಿ ಕ್ವಿಡ್ ಗಾಡಿಗೆ ಒಳ್ಳೆಯ ಅಂಕ. ನೆಲಕ್ಕೂ ಹೊಟ್ಟೆಗೂ ನಡುವೆ 184 ಮಿಲಿಮೀಟರ್ ಅಂತರವಿರುವುದರಿಂದ ಹಳ್ಳಿಯವರು ತಮಗೆ ತೋಚಿದಲ್ಲಿ ಎಬ್ಬಿಸಿದ ಹಂಪುಗಳನ್ನು ಉಜ್ಜದೆ ದಾಟುತ್ತದೆ. ಆಲ್ಟೊ ಕೆ10 ಎಲ್ಲಕ್ಕಿಂತ ಸುಲಭದ್ದು. ಜಮಖಂಡಿಯ ಯಾವ ಮೂಲೆಯ ಮಿಸ್ತ್ರಿಯೂ ಕಣ್ಣು ಮುಚ್ಚಿ ಬಿಚ್ಚಬಲ್ಲ. ಆದರೆ ಅದರ ಡಿಕ್ಕಿ 214 ಲೀಟರಿನದು, ಮಗಳ ಮನೆಗೆ ಒಯ್ಯುವ ಬುತ್ತಿಗೇ ಸಾಲದು. ವ್ಯಾಗನಾರ್ ಎತ್ತರದ ಗಾಡಿ. 341 ಲೀಟರಿನ ಡಿಕ್ಕಿ, ಮೊಣಕಾಲು ನೋವಿನ ಮುದುಕರು ಬಗ್ಗದೆ ಹತ್ತಬಹುದಾದ ಬಾಗಿಲು. ನನ್ನ ಹೆಂಡತಿಯ ಮತವು ನಿಸ್ಸಂಶಯವಾಗಿ ಅದಕ್ಕೆ. ಸಿ.ಎನ್.ಜಿ.ಯದನ್ನು ಕೊಂಡರೆ ಆ ಡಿಕ್ಕಿಯನ್ನು ಸಿಲಿಂಡರೇ ನುಂಗಿಬಿಡುವುದೆಂಬುದನ್ನು ಮಾತ್ರ ಅವಳಿಗೆ ಒಪ್ಪಿಸಬೇಕಾಯಿತು. ಮಗನ ಮತವು ಟಿಯಾಗೊಗೆ. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯು ಗಾಡಿಗಳನ್ನು ಗುದ್ದಿಸಿ ನೋಡಿ, 2020ರಲ್ಲಿ ಅದಕ್ಕೆ ದೊಡ್ಡವರ ರಕ್ಷಣೆಯಲ್ಲಿ ನಾಲ್ಕು ನಕ್ಷತ್ರಗಳನ್ನು ಕೊಟ್ಟಿತು. 2023ರಲ್ಲಿ ವ್ಯಾಗನಾರ್ ಪಡೆದುದು ಒಂದು. ನಡುವೆ ಪರೀಕ್ಷೆಯ ನಿಯಮಗಳು ಕಠಿಣವಾದುವೆಂದು ಹೆಂಡತಿಯ ಪರವಾಗಿ ನಾನೇ ವಾದಿಸಿದೆನು.

ಆದರೂ ನಾನು ಕೊನೆಗೆ ಮಗನ ಪಕ್ಷಕ್ಕೆ ಸೇರಿದುದು ನಕ್ಷತ್ರಗಳ ಎಣಿಕೆಯಿಂದಲ್ಲ, ಕಬ್ಬಿನ ಹಂಗಾಮಿನ ವಿಚಾರದಿಂದ. ಸಮೀರವಾಡಿ, ಹಿರೇಪಡಸಲಗಿಗಳ ಕಾರಖಾನೆಗಳು ನುರಿಸಲು ತೊಡಗಿದ ಮೇಲೆ ನಮ್ಮ ರಸ್ತೆಗಳ ರಾತ್ರಿಯೇ ಬೇರೆ. ಎರಡು ಟ್ರೇಲರುಗಳನ್ನು ಕಟ್ಟಿಕೊಂಡು, ಹಾಡಿನ ಪೆಟ್ಟಿಗೆಯನ್ನು ಗಟ್ಟಿಯಾಗಿ ಹಚ್ಚಿ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುವ ಟ್ರ್ಯಾಕ್ಟರು, ಹೊರಚಾಚಿದ ಕಬ್ಬಿನ ತುದಿಗಳು ಗಾಜಿಗೆ ಬಡಿಯುವಷ್ಟು ಸಮೀಪವಾದಾಗಲೇ ಕಣ್ಣಿಗೆ ಬೀಳುತ್ತದೆ. ಆ ಕತ್ತಲೆಯಲ್ಲಿ ನನ್ನ ಗಾಡಿಯನ್ನು ನಾನು ನಡೆಸುವುದು ಕಡಿಮೆ; ನಡೆಸುವವರು ಕೇಳಿಕೊಂಡು ಹೋದವರ ಮಕ್ಕಳು, ಒಳಗೆ ಕುಳಿತವರು ಬ್ಯಾನಿ ತಿನ್ನುವ ಹೆಣ್ಣುಮಕ್ಕಳು. ತನಗಾಗಿ ಕೊಳ್ಳುವವನು ಎವರೇಜನ್ನೂ ಬೆಲೆಯನ್ನೂ ನೋಡಿದರೆ ಸಾಕು; ಓಣಿಗೆ ಕೊಡುವವನು ಗಾಡಿಯ ಗಟ್ಟಿತನವನ್ನು ನೋಡಲೇಬೇಕು. ಒಂದು ಕಾಲಕ್ಕೆ ನನ್ನ ತಂದೆ ಮಜೂರಿಯ ಮಾತನ್ನು ನುಂಗಿಕೊಂಡು ತೀರಿಸಿದ ಋಣಕ್ಕೆ ಪ್ರತಿಯಾಗಿ, ನನ್ನ ಗಾಡಿ ಒಯ್ದವರು ಮರುದಿನ ನನ್ನೊಡನೆ ನಿರ್ಭಿಡೆಯಿಂದ ಜಗಳವಾಡುವಂತಿರಬೇಕೆಂಬುದು ನನ್ನ ಆಶೆ; ಬಹುಮಟ್ಟಿಗೆ ಅವರು ಆಡುತ್ತಲೂ ಇದ್ದಾರೆ.

ಹೀಗೆ ಟಿಯಾಗೊ ಎಂದು ನಿಶ್ಚಯವಾಗಿ ಬುಕಿಂಗ್ ಹಣ ಕಟ್ಟಿ ಮನೆಗೆ ಬಂದೆವು. ಸುದ್ದಿ ನಮಗಿಂತ ಮುಂಚೆಯೇ ಓಣಿಯನ್ನು ಸೇರಿತ್ತು. ಸಂಜೆಯ ಹೊತ್ತಿಗೆ ಮೂರನೆಯ ಮನೆಯ ಅಣ್ಣಪ್ಪಕಾಕಾ ಬಂದು ಕಟ್ಟೆಯ ಮೇಲೆ ಕುಳಿತು, ಚಪ್ಪಲಿಯನ್ನು ಕಾಲಿನಿಂದ ತೆಗೆಯುವ ಗೋಜಿಗೂ ಹೋಗದೆ, "ಗಾಡಿ ಯಾವಾಗ ಬರತೈತಿ ಮಾಸ್ತರ? ನನ್ನ ಮೊಮ್ಮಗಳ ಮದಿವಿ ವೈಶಾಖದಾಗ ಐತಿ; ಅಷ್ಟರೊಳಗ ಬಂದಿರಬೇಕ ನೋಡು" ಎಂದು ತಾಕೀತು ಮಾಡಿ ಹೋದರು.