ಕಲ್ಲಿನ ಬಳ್ಳಾರಿ, ನೀರಿನ ಸಿರುಗುಪ್ಪ

ಬಳ್ಳಾರಿ ಎಂದೊಡನೆ ಹೊರ ಊರಿನವರು ಮೊದಲು ಕೇಳುವುದು ಬಿಸಿಲಿನ ಸುದ್ದಿಯನ್ನು. ಇಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಬಿರುಬೇಸಿಗೆ ಎಂದು ಊರಿನವರೇ ನಗುತ್ತಾರೆ. ನಗೆಮಾತಿನ ಹಿಂದೆ ಭೂಗೋಳದ ಪಾಠವಿದೆ. ಅರಬ್ಬಿ ಸಮುದ್ರದಿಂದ ಹೊರಟ ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟಗಳನ್ನು ಏರುವಾಗಲೇ ಬಹುಪಾಲು ಬರಿದಾಗುತ್ತವೆ. ಘಟ್ಟದ ಈಚೆಗಿನ ಮಳೆನೆರಳಿನಲ್ಲಿ ಬಳ್ಳಾರಿ ಇದೆ. ಇಡೀ ವರ್ಷದಲ್ಲಿ ಇಲ್ಲಿ ಬೀಳುವ ಮಳೆ ಸುಮಾರು 50 ಸೆಂಟಿಮೀಟರ್. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುವ ಮಳೆಯ ಕಾಲು ಭಾಗವೂ ಅಲ್ಲ!

ಇಷ್ಟು ಕಡಿಮೆ ಮಳೆಯ ಸೀಮೆಯಲ್ಲಿ ಮನುಷ್ಯ ನಾಲ್ಕು ಸಾವಿರ ವರ್ಷಗಳಿಂದ ಊರು ಕಟ್ಟಿಕೊಂಡು ಬಾಳಿದ್ದಾನೆ. ಹೇಗೆ? ಈ ಪ್ರಶ್ನೆಯನ್ನು ಚೀಲದಲ್ಲಿ ಹಾಕಿಕೊಂಡು ಒಂದು ಭಾನುವಾರ ಹೊರಟರೆ ಸಾಕು. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಈ ಮೂರೂ ಊರುಗಳು ಸೇರಿ ಉತ್ತರ ಹೇಳುತ್ತವೆ. ಉತ್ತರದಲ್ಲಿರುವುದು ಎರಡೇ ಪದ: ಕಲ್ಲು ಮತ್ತು ನೀರು.

ಎರಡು ಗುಡ್ಡಗಳ ಊರು

ಬೆಳಗಿನ ಬಳ್ಳಾರಿಗೆ ಎಣ್ಣೆಯ ಘಮವಿರುತ್ತದೆ. ತಳ್ಳುಗಾಡಿಗಳ ಮುಂದೆ ಮಂಡಕ್ಕಿಯ ಒಗ್ಗರಣೆ, ಅದರ ಜೊತೆಗೆ ಬಿಸಿ ಬಿಸಿ ಮಿರ್ಚಿ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿಗೆ ಹೊರಳಿ, ಉರ್ದುವಿನಲ್ಲಿ ಮುಗಿಯುವುದೂ ಉಂಟು. 1800ರಲ್ಲಿ ನಿಜಾಮನಿಂದ ಬ್ರಿಟಿಷರ ಕೈಸೇರಿದ ಈ ಸೀಮೆ ಮುಂದೆ ಮದರಾಸು ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹೀಗಾಗಿ ಭಾಷೆಗಳ ನಡುವಿನ ಗೋಡೆ ಇಲ್ಲಿ ಎಂದೂ ಎತ್ತರವಾಗಲಿಲ್ಲ. ತೆಲುಗು ರಂಗಭೂಮಿಯ ಮಹಾನಟ ಬಳ್ಳಾರಿ ರಾಘವ ಇದೇ ಊರಿನವರು. ಕನ್ನಡದ ನಾಟಕ, ಕಾವ್ಯಗಳೆರಡರಲ್ಲೂ ಹೆಸರಾದ ಜೋಳದರಾಶಿ ದೊಡ್ಡನಗೌಡರೂ ಈ ತಾಲ್ಲೂಕಿನವರೇ. ಓಣಿಗಳ ಒಳಗೆ ಹೊಕ್ಕರೆ ಹೊಲಿಗೆ ಯಂತ್ರಗಳ ಸದ್ದು. ಬಳ್ಳಾರಿಯ ಜೀನ್ಸ್ ಪ್ಯಾಂಟು ದೂರದೂರದ ಅಂಗಡಿಗಳಿಗೆ ಹೋಗುತ್ತದೆ.

ಊರಿನ ಯಾವ ಬೀದಿಯಲ್ಲಿ ನಿಂತರೂ ಕಣ್ಣಿಗೆ ಬೀಳುವುದು ಕೋಟೆಗುಡ್ಡ. ಮೇಲಿನ ಕೋಟೆ ಹನುಮಪ್ಪ ನಾಯಕನ ಹೆಸರಿನೊಡನೆ ಬೆರೆತಿದೆ. ಕೆಳಗಿನ ಕೋಟೆ ಹೈದರಾಲಿಯ ಕಾಲದ್ದು. ಅದನ್ನು ಕಟ್ಟಿದ ಫ್ರೆಂಚ್ ಎಂಜಿನಿಯರನ ಬಗ್ಗೆ ಜನರ ಬಾಯಲ್ಲಿ ಒಂದು ಕಥೆ ಇದೆ. ಕೋಟೆ ಮುಗಿದ ಮೇಲೆ ಪಕ್ಕದ ಕುಂಬಾರ ಗುಡ್ಡವೇ ಹೆಚ್ಚು ಎತ್ತರ, ಅಲ್ಲಿಂದ ಶತ್ರು ಗುಂಡು ಹಾರಿಸಬಹುದು ಎಂದು ಗೊತ್ತಾಯಿತಂತೆ. ಹೈದರಾಲಿ ಸಿಟ್ಟಿಗೆದ್ದು ಅವನನ್ನು ಗಲ್ಲಿಗೇರಿಸಿದನಂತೆ.

ಕಥೆಯನ್ನು ಇತಿಹಾಸಕಾರರಿಗೆ ಬಿಡೋಣ. ಯಾವ ಗುಡ್ಡ ಎತ್ತರ ಎಂಬುದನ್ನು ಮಾತ್ರ ಎಂಟನೇ ತರಗತಿಯ ಹುಡುಗಿಯೂ ಪರೀಕ್ಷಿಸಬಹುದು. ಅರ್ಧ ನೀರು ತುಂಬಿದ ಪಾರದರ್ಶಕ ಬಾಟಲಿಯನ್ನು ಮಲಗಿಸಿ ಕಣ್ಣಿನ ಮಟ್ಟಕ್ಕೆ ಹಿಡಿಯಬೇಕು. ನಿಂತ ನೀರಿನ ಮೇಲ್ಮೈ ಯಾವಾಗಲೂ ಸಮತಲ. ಆ ಗೆರೆಯ ಗುಂಟ ನೋಡಿದಾಗ ಎದುರಿನ ಗುಡ್ಡದ ನೆತ್ತಿ ಗೆರೆಗಿಂತ ಮೇಲೆ ಕಂಡರೆ ಅದು ನೋಡುವವರ ಕಣ್ಣಿಗಿಂತ ಎತ್ತರ, ಕೆಳಗೆ ಕಂಡರೆ ತಗ್ಗು. ಕೋಟೆಯ ತುದಿಯಲ್ಲಿ ನಿಂತು ಹೀಗೆ ನೋಡಿದ ಮಕ್ಕಳು ಆ ಕಥೆಯನ್ನು ಮತ್ತೆ ಮರೆಯುವುದಿಲ್ಲ.

ಮೇಲೆ ಗಮನಿಸಬೇಕಾದ ಇನ್ನೊಂದು ಸಂಗತಿ ನೀರಿನ ದೊಣೆಗಳು. ಬರಿಯ ಬಂಡೆಯ ಮೇಲೆ ಸೈನಿಕರು ನೀರಿಗೆ ಏನು ಮಾಡುತ್ತಿದ್ದರು? ಬಂಡೆಯ ಸೀಳುಗಳಲ್ಲಿ ಮಳೆನೀರನ್ನು ತಡೆದು ನಿಲ್ಲಿಸಿದರು. ಒಡಕಿಲ್ಲದ ಗ್ರಾನೈಟ್ ನೀರನ್ನು ಹೀರುವುದಿಲ್ಲ. ಹಗಲೆಲ್ಲ ಕಾದು ರಾತ್ರಿಯೂ ಊರಿಗೆ ಬಿಸಿ ಊದುವ ಇದೇ ಕಲ್ಲು, ಬಿದ್ದ ಹನಿಯನ್ನು ಪಾತ್ರೆಯಂತೆ ಕಾಯುತ್ತದೆ. ಈಗ ಮಳೆಕೊಯ್ಲು ಎಂದು ಪಠ್ಯಪುಸ್ತಕದಲ್ಲಿ ಓದುವುದನ್ನು ಕೋಟೆಯವರು ಬದುಕಿಗಾಗಿ ಮಾಡಿದ್ದರು.

ನುಡಿಯುವ ಬಂಡೆಗಳು

ಊರಿನಿಂದ ಸ್ವಲ್ಪವೇ ದೂರದಲ್ಲಿ ಸಂಗನಕಲ್ಲು ಮತ್ತು ಕಪ್ಪಗಲ್ಲಿನ ಗುಡ್ಡಗಳಿವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಇಲ್ಲಿ ಶಿಲಾಯುಗದ ಕುರುಹುಗಳನ್ನು ಗುರುತಿಸಿದರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಉತ್ಖನನ ನಡೆಸಿದರು. ಮುಂದೆ ರವಿ ಕೋರಿಶೆಟ್ಟರ್ ಮತ್ತು ಅವರ ಸಂಗಡಿಗರು ಅಧ್ಯಯನವನ್ನು ಮುಂದುವರಿಸಿದರು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಇದು ಕಲ್ಲುಗೊಡಲಿಗಳ ದೊಡ್ಡ ಕಾರ್ಖಾನೆಯೇ ಆಗಿತ್ತು ಎಂದು ಇದರಿಂದ ತಿಳಿದುಬಂತು.

ಕೊಡಲಿಗೆ ಅವರು ಆರಿಸಿಕೊಂಡದ್ದು ಸುತ್ತ ಹೇರಳವಾಗಿದ್ದ ಗ್ರಾನೈಟನ್ನಲ್ಲ, ಗ್ರಾನೈಟಿನ ನಡುವೆ ಕಪ್ಪು ಪಟ್ಟಿಯಂತೆ ಹಾದುಹೋಗುವ ಡಾಲೆರೈಟನ್ನು. ಭೂಮಿಯೊಳಗಿನ ಶಿಲಾರಸ ಬಿರುಕುಗಳಲ್ಲಿ ನುಗ್ಗಿ ಆರಿದಾಗ ಈ ಕಲ್ಲು ಆಗುತ್ತದೆ. ಗ್ರಾನೈಟಿನ ಹರಳು ದಪ್ಪ, ಬಡಿದರೆ ಉದುರುತ್ತದೆ. ಡಾಲೆರೈಟಿನ ಹರಳು ಸಣ್ಣದು, ಕಲ್ಲು ಗಟ್ಟಿ, ಚಕ್ಕೆ ತೆಗೆದರೆ ಹರಿತವಾದ ಅಂಚು ಬರುತ್ತದೆ. ಹಾಗೆ ಚಕ್ಕೆ ತೆಗೆದು, ಕುಟ್ಟಿ, ಕಡೆಗೆ ಬಂಡೆಯ ಮೇಲೆ ನೀರು ಹಾಕಿ ಉಜ್ಜಿ ನಯಮಾಡಿದರು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ಗಾಳಿಗಳು ಇಂದಿಗೂ ಕೈಗೆ ಸಿಗುತ್ತವೆ.

ಇನ್ನೂ ಅಚ್ಚರಿಯ ವಿಷಯವೆಂದರೆ ಇಲ್ಲಿಯ ಕೆಲವು ಬಂಡೆಗಳು ನಾದ ಕೊಡುತ್ತವೆ. ಸಣ್ಣ ಕಲ್ಲಿನಿಂದ ಬಡಿದರೆ ಗಂಟೆಯಂಥ ದನಿ. ಇದರಲ್ಲಿ ಪವಾಡವೇನೂ ಇಲ್ಲ. ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದು ಬಡಿದರೆ ಟಕ್ ಎನ್ನುತ್ತದೆ, ದಾರಕ್ಕೆ ಕಟ್ಟಿ ಬಡಿದರೆ ಮೊಳಗುತ್ತದೆ. ಒಡಕಿಲ್ಲದ ಗಟ್ಟಿ ಬಂಡೆ ಎರಡು ಮೂರು ಕಡೆ ಮಾತ್ರ ಆನಿಕೊಂಡು ಕೂತಿದ್ದರೆ ಅದು ಸ್ವತಂತ್ರವಾಗಿ ಕಂಪಿಸಬಲ್ಲದು. ಬಂಡೆಗಳ ಮೇಲೆ ಆ ಜನ ದನ, ಮನುಷ್ಯರ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಚಿತ್ರ ಮಾಡಿದವರು ಈ ನಾದವನ್ನೂ ಕೇಳಿರಲೇಬೇಕು.

ಅವರು ಉಣ್ಣುತ್ತಿದ್ದುದೇನು? ಬೂದಿಯಲ್ಲಿ ಉಳಿದ ಸುಟ್ಟ ಕಾಳುಗಳು ಹೇಳುತ್ತವೆ: ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯ. ಮೂರಕ್ಕೂ ಕಡಿಮೆ ಮಳೆ ಸಾಕು. ಮನೆಯಲ್ಲಿ ಹುರುಳಿಕಟ್ಟಿನ ಸಾರು ಬಡಿಸಿದಾಗ ಮೂಗು ಮುರಿಯುವ ಮಕ್ಕಳಿಗೆ, ಅದು ನಾಲ್ಕು ಸಾವಿರ ವರ್ಷಗಳ ಹಳೆಯ ಊಟ ಎಂದು ತಾಯಂದಿರು ಧೈರ್ಯವಾಗಿ ಹೇಳಬಹುದು.

ಆದರೆ ಇಷ್ಟು ದಿನ ಉಳಿದದ್ದು ಮುಂದೆಯೂ ಉಳಿಯುತ್ತದೆ ಎಂಬ ಭರವಸೆ ಇಲ್ಲ. ಈ ಗುಡ್ಡಗಳ ಸುತ್ತ ನಡೆದ ಕಲ್ಲುಗಣಿಗಾರಿಕೆ ಪ್ರಾಚೀನ ನೆಲೆಯನ್ನು ತಿಂದುಹಾಕುತ್ತಿದೆ ಎಂದು ಪುರಾತತ್ವಜ್ಞರು ಹಲವು ಬಾರಿ ಎಚ್ಚರಿಸಿದ್ದಾರೆ. ನಾದ ಕೊಡುವ ಬಂಡೆಯೂ ಜಲ್ಲಿ ಯಂತ್ರದ ಬಾಯಿಗೆ ಬಿದ್ದರೆ ಬರಿಯ ಜಲ್ಲಿಯೇ. ರಸ್ತೆಗೆ, ಮನೆಗೆ ಜಲ್ಲಿ ಬೇಕು ನಿಜ. ಜಲ್ಲಿಗೆ ಬೇರೆ ಗುಡ್ಡ ಸಿಗಬಹುದು, ಇನ್ನೊಂದು ಸಂಗನಕಲ್ಲು ಸಿಗದು. ಇಲ್ಲಿ ದೊರೆತ ವಸ್ತುಗಳನ್ನು ಬಳ್ಳಾರಿ ನಗರದಲ್ಲಿ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಗುಡ್ಡಕ್ಕೆ ಹೋಗುವ ಮೊದಲು ಅದನ್ನು ನೋಡಿಕೊಂಡರೆ ಕಣ್ಣು ತೆರೆಯುತ್ತದೆ.

ಕುರುಗೋಡಿನ ಬಸವ

ಕುರುಗೋಡಿಗೆ ಬಳ್ಳಾರಿಯಿಂದ ಮುಕ್ಕಾಲು ಗಂಟೆಯ ದಾರಿ. ಎರೆ ಹೊಲಗಳ ನಡುವೆ, ಯಾರೋ ಆಟವಾಡಿ ಬಿಟ್ಟುಹೋದಂತೆ ಬಂಡೆಗಳನ್ನು ಪೇರಿಸಿದ ಗುಡ್ಡಗಳು. ಪೇರಿಸಿದವರು ಯಾರೂ ಅಲ್ಲ, ಬಿಸಿಲು ಮತ್ತು ಮಳೆ. ಒಂದೇ ಬಂಡೆಯಲ್ಲಿ ಅಡ್ಡ ಉದ್ದ ಸೀಳುಗಳಿದ್ದವು, ನೀರು ಅವುಗಳೊಳಗೆ ಇಳಿದು ಕಲ್ಲನ್ನು ಸವೆಸಿತು, ಮೂಲೆಗಳು ಮೊದಲು ಕರಗಿ ಚೌಕದ ಕಲ್ಲು ಗುಂಡಾಯಿತು. ಪುಡಿಯಾದದ್ದು ಕೊಚ್ಚಿಹೋಯಿತು, ಗುಂಡು ಉಳಿಯಿತು. ಇದೆಲ್ಲ ನಡೆಯಲು ಹಿಡಿದ ಕಾಲವನ್ನು ಲಕ್ಷ ಲಕ್ಷ ವರ್ಷಗಳಲ್ಲಿ ಎಣಿಸಬೇಕು.

ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಸಿಂದರು 12ನೇ ಶತಮಾನದಲ್ಲಿ ಇಲ್ಲಿಂದ ಬಲ್ಲಕುಂದೆ ನಾಡನ್ನು ಆಳಿದರು. ಗುಡ್ಡದ ಬುಡದ ಹಳೆಯ ಗುಡಿಗಳು ಆ ಕಾಲವನ್ನು ನೆನಪಿಸುತ್ತವೆ. ಊರಿನ ಜೀವ ಮಾತ್ರ ದೊಡ್ಡಬಸವೇಶ್ವರ. ಗರ್ಭಗುಡಿ ತುಂಬ ಕೂತಿರುವ ಏಕಶಿಲೆಯ ಬಸವನ ಮುಂದೆ ನಿಂತವರು ತಲೆ ಎತ್ತಿಯೇ ನೋಡಬೇಕು. ಹೋಳಿ ಹುಣ್ಣಿಮೆಯ ಹೊತ್ತಿನ ಜಾತ್ರೆಗೆ ಸುತ್ತಲ ಹಳ್ಳಿಗಳೆಲ್ಲ ನೆರೆಯುತ್ತವೆ. ಎತ್ತಿನ ಬೆನ್ನ ಮೇಲೆ ಬದುಕು ನಡೆಸಿದ ಒಕ್ಕಲುಮಕ್ಕಳು ಬಸವನಿಗೆ ಇಷ್ಟು ದೊಡ್ಡ ರೂಪ ಕೊಟ್ಟದ್ದು ಸಹಜವೇ. ಮೊದಲು ಬಳ್ಳಾರಿ ತಾಲ್ಲೂಕಿನಲ್ಲಿದ್ದ ಕುರುಗೋಡು ಈಗ ತಾನೇ ತಾಲ್ಲೂಕು ಕೇಂದ್ರ.

ಸಿರಿಯ ಕುಪ್ಪೆ

ಸಿರುಗುಪ್ಪದ ಹಾದಿಯಲ್ಲಿ ತೆಕ್ಕಲಕೋಟೆ ಸಿಗುತ್ತದೆ. 1960ರ ದಶಕದಲ್ಲಿ ಇಲ್ಲಿಯ ಗುಡ್ಡಗಳಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಗುಂಡನೆಯ ಗುಡಿಸಲುಗಳ ನೆಲೆಯೂ ಚಿನ್ನದ ಆಭರಣವೂ ದೊರೆತವು. ಅಲ್ಲಿಂದ ಮುಂದೆ ಬಣ್ಣ ಬದಲಾಗುತ್ತದೆ. ಹತ್ತಿ, ಜೋಳ, ಮೆಣಸಿನಕಾಯಿಯ ಹೊಲಗಳು ಹಿಂದೆ ಸರಿದು ಕಣ್ಣಳತೆಯವರೆಗೂ ಭತ್ತ. ರಸ್ತೆ ಬದಿಗೆ ಅಕ್ಕಿ ಗಿರಣಿಗಳ ಹೊಗೆಗೊಳವೆ. ಸಿರಿಯ ಕುಪ್ಪೆಯೇ ಸಿರುಗುಪ್ಪವಾಯಿತು ಎನ್ನುತ್ತಾರೆ. ಸುಗ್ಗಿಯಲ್ಲಿ ಭತ್ತದ ರಾಶಿ ನೋಡಿದವರು ಅದನ್ನು ನಂಬುತ್ತಾರೆ.

ಇಲ್ಲಿ ತುಂಗಭದ್ರೆ ಕವಲೊಡೆದು ದೇಶನೂರು ದ್ವೀಪವನ್ನು ಬಳಸಿ ಹರಿಯುತ್ತದೆ. ವಿಜಯನಗರದ ಕಾಲದಲ್ಲೇ ನದಿಗೆ ಅಡ್ಡಗಟ್ಟೆ ಹಾಕಿ ಸಿರುಗುಪ್ಪ, ದೇಶನೂರು ಕಾಲುವೆಗಳನ್ನು ತೆಗೆದಿದ್ದರು. ನದಿಯ ಮಗ್ಗುಲಿಗೆ ಹಸಿರಿತ್ತು, ಉಳಿದ ಸೀಮೆಗೆ ಮಾತ್ರ ಆಕಾಶವೇ ಗತಿ. 1860ರಲ್ಲಿ ಸರ್ ಆರ್ಥರ್ ಕಾಟನ್ ತುಂಗಭದ್ರೆಗೆ ದೊಡ್ಡ ಜಲಾಶಯದ ಯೋಜನೆ ಸೂಚಿಸಿದರು. ಅದು ಕಾಗದದಲ್ಲೇ ಇದ್ದಾಗ, 1876ರಿಂದ 78ರವರೆಗಿನ ಭೀಕರ ಬರದಲ್ಲಿ ಬಳ್ಳಾರಿ ಜಿಲ್ಲೆಯ ಜನ ಹಸಿವು, ರೋಗಗಳಿಗೆ ತುತ್ತಾಗಿ ಅಪಾರ ಸಂಖ್ಯೆಯಲ್ಲಿ ಸತ್ತರು. ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ. ಕಾಲುವೆಗೆ ನೀರು ಹರಿದದ್ದು 1953ರಲ್ಲಿ, ಬಳ್ಳಾರಿ ಮೈಸೂರಿಗೆ ಸೇರಿದ ಅದೇ ವರ್ಷ.

ಬಲದಂಡೆಯ ಎಚ್‌ಎಲ್‌ಸಿ, ಎಲ್‌ಎಲ್‌ಸಿ ಎಂಬ ಹೆಸರುಗಳು ಇಲ್ಲಿಯ ಚಿಕ್ಕ ಮಕ್ಕಳ ಬಾಯಲ್ಲೂ ಇವೆ. ಒಂದು ಮೇಲ್ಮಟ್ಟದ ಕಾಲುವೆ, ಇನ್ನೊಂದು ಕೆಳಮಟ್ಟದ್ದು. ಪಂಪು ಇಲ್ಲ, ವಿದ್ಯುತ್ ಇಲ್ಲ, ನೀರು ಇಳಿಜಾರಿನಲ್ಲಿ ತಾನೇ ನಡೆದು ಬರುತ್ತದೆ. ವರ್ಷದ ಬಹುಕಾಲ ಮರಳಾಗಿ ಮಲಗಿರುವ ವೇದಾವತಿಯನ್ನು, ಅಂದರೆ ಜನರ ಹಗರಿಯನ್ನು, ಕೆಳಮಟ್ಟದ ಕಾಲುವೆ ಮೇಲ್ಗಾಲುವೆಯಲ್ಲಿ ದಾಟುತ್ತದೆ. ಬತ್ತಿದ ನದಿಯ ತಲೆಯ ಮೇಲೆ ಮನುಷ್ಯ ಮಾಡಿದ ನದಿ!

ಈ ನೆಮ್ಮದಿ ಎಷ್ಟು ತೆಳುವಾದದ್ದು ಎಂಬುದು 2024ರ ಆಗಸ್ಟ್ 10ರ ರಾತ್ರಿ ಗೊತ್ತಾಯಿತು. ಜಲಾಶಯ ತುಂಬಿ ನಿಂತಿದ್ದಾಗ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಬೇರೆ ಗೇಟುಗಳನ್ನೂ ತೆರೆಯಬೇಕಾಯಿತು. ನಾಟಿ ಮಾಡಿದ ರೈತರ ಕಣ್ಣೆದುರೇ ಬೆಳೆಯ ನೀರು ನದಿ ಪಾಲಾಯಿತು. ತಂತ್ರಜ್ಞರೂ ಕಾರ್ಮಿಕರೂ ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಒಂದು ಸರಪಳಿಯ ಕೊಂಡಿಗೆ ಎಷ್ಟು ಮನೆಗಳ ಅನ್ನ ಜೋತುಬಿದ್ದಿದೆ ಎಂದು ಆ ವಾರ ಎಲ್ಲರಿಗೂ ಅರ್ಥವಾಯಿತು.

ಸದ್ದಿಲ್ಲದೆ ಆಗುವ ನಷ್ಟ ಇನ್ನೂ ದೊಡ್ಡದು. 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ಹೂಳು ಆ ಲೆಕ್ಕದ 27ಕ್ಕೂ ಹೆಚ್ಚು ಪಾಲನ್ನು ನುಂಗಿದೆ. ಇತ್ತ ಹೊಲದಲ್ಲಿ ಬೇರೊಂದು ಕಷ್ಟ. ಎರೆ ಮಣ್ಣಿಗೆ ಹೆಚ್ಚು ನೀರು ನಿಲ್ಲಿಸಿದರೆ ಅಡಿಯ ಉಪ್ಪು ನೀರಿನೊಡನೆ ಮೇಲೇರುತ್ತದೆ. ನೀರು ಆರುತ್ತದೆ, ಉಪ್ಪು ಬಿಳಿಯಾಗಿ ಉಳಿಯುತ್ತದೆ. ಇದೇ ಚೌಳು. ನೀರಿಲ್ಲದೆ ಒಣಗಿದ ಹೊಲ ಒಂದು ಮಳೆಗೆ ಚೇತರಿಸಿಕೊಂಡೀತು, ಚೌಳು ಹಿಡಿದ ಹೊಲಕ್ಕೆ ವರ್ಷಗಳು ಬೇಕು.

ಹೋಗುವವರಿಗೆ

ಬಳ್ಳಾರಿಗೆ ರೈಲು, ಬಸ್ಸು ಎರಡೂ ಇವೆ. ಬಳ್ಳಾರಿಯಿಂದ ಕುರುಗೋಡು ಮತ್ತು ಸಿರುಗುಪ್ಪಕ್ಕೆ ಸರ್ಕಾರಿ ಬಸ್ಸುಗಳು ದಿನವಿಡೀ ಓಡಾಡುತ್ತವೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಹವೆ ಹಿತ. ಕೋಟೆಯನ್ನು ಬಿಸಿಲೇರುವ ಮೊದಲೇ ಹತ್ತಿ ಇಳಿಯಬೇಕು. ಟೊಪ್ಪಿಗೆ, ಕುಡಿಯುವ ನೀರು, ಬುತ್ತಿಗೆ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿ ಇದ್ದರೆ ಸಾಕು. ಸಂಗನಕಲ್ಲಿನಲ್ಲಿ ಬಿದ್ದ ಕಲ್ಲುಚೂರನ್ನೂ ಜೇಬಿಗೆ ಹಾಕಿಕೊಳ್ಳಬಾರದು. ಬಂಡೆಗಳ ಮೇಲೆ ಹೆಸರು ಗೀಚಬಾರದು. ಕಾಲುವೆಯ ನೀರು ಮೇಲೆ ಶಾಂತವಾಗಿ ಕಂಡರೂ ಸೆಳೆತ ಬಲವಾಗಿರುತ್ತದೆ, ಮಕ್ಕಳನ್ನು ಅಂಚಿಗೆ ಬಿಡಬಾರದು.

ಕಡೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ. ಸಿರುಗುಪ್ಪದ ಕಡೆಯ ಯಾವುದೇ ಊರಿನಲ್ಲಿ ಹಿರಿಯರೊಬ್ಬರ ಹತ್ತಿರ ಕೂತು ಎರಡು ಪ್ರಶ್ನೆ ಕೇಳಿ: ಕಾಲುವೆ ಬರುವ ಮೊದಲು ಮನೆಯಲ್ಲಿ ಏನು ಉಣ್ಣುತ್ತಿದ್ದರು? ಕುಡಿಯುವ ನೀರಿಗೆ ಎಷ್ಟು ದೂರ ನಡೆಯುತ್ತಿದ್ದರು? ಉತ್ತರವನ್ನು ದಿನಾಂಕ ಹಾಕಿ ಬರೆದಿಡಿ. ಸಂಗನಕಲ್ಲಿನವರ ಊಟವನ್ನು ಬೂದಿಯಲ್ಲಿ ಹುಡುಕಬೇಕಾಯಿತು. ಇವರದನ್ನು ಇನ್ನೂ ಬಾಯಿಂದಲೇ ಕೇಳಬಹುದು.