ಕರಡಿಗೆಯೊಡನೆ ಹಡಗನ್ನೇರಿದಾಗ

2012ರಲ್ಲಿ ತೆರೆದ ಸಿಂಗಪುರದ ಮರೀನಾ ಬೇ ಹಡಗು ನಿಲ್ದಾಣವನ್ನು ನಾವು ತಲುಪಿದಾಗ ನಡುಹಗಲು. ಪೆಟ್ಟಿಗೆಗಳಿಗೆ ಕೋಣೆಯ ಸಂಖ್ಯೆಯ ಚೀಟಿ ಕಟ್ಟಿ ಕೆಳಗೇ ಒಪ್ಪಿಸಿದೆವು. (ಔಷಧಿ, ವಿಭೂತಿಗಳು ಕೈಚೀಲದಲ್ಲಿರುವುದೇ ಲೇಸು, ಪೆಟ್ಟಿಗೆ ಕೋಣೆ ಸೇರುವಾಗ ಸಂಜೆಯಾದೀತು.)

ತಪಾಸಣೆಯ ಕಮಾನಿನಡಿ ತಾಯಿಯವರ ಬೆಳ್ಳಿಯ ಕರಡಿಗೆಗೆ ಯಂತ್ರ ಕೂಗಿತು. ಕೊರಳಿನಿಂದ ತೆಗೆದು ತಟ್ಟೆಯಲ್ಲಿಡಬೇಕೆಂದು ಸೂಚನೆಯಾಯಿತು. ಇಷ್ಟಲಿಂಗವನ್ನು ಅಂಗದಿಂದ ಅಗಲಿಸುವುದೆಂತು? ತಾಯಿಯವರು ಎರಡೂ ಕೈಗಳಿಂದ ಕರಡಿಗೆಯನ್ನು ಮುಚ್ಚಿಕೊಂಡು, “ಊರಿಗೇ ಮರಳೋಣ” ಎಂದುಬಿಟ್ಟರು. ಹಿಂದೆ ಸಾಲು ಬೆಳೆಯಿತು. ನಾವು ವಿಷಯವನ್ನು ವಿವರಿಸಿದೆವು. ಮಹಿಳಾ ಅಧಿಕಾರಿಯೊಬ್ಬರು ಮರೆಗೆ ಕರೆದೊಯ್ದು, ತಾಯಿಯವರೇ ಮುಚ್ಚಳ ತೆರೆದು ತೋರಿಸಿದುದನ್ನು ಮುಟ್ಟದೆ ನೋಡಿ, ಕೈಮುಗಿದು ಕಳುಹಿದರು.

ಪಾಸ್‌ಪೋರ್ಟ್, ಭಾವಚಿತ್ರ, ಕೀಲಿಯೂ ಆಗುವ ಕಾರ್ಡು ಬೇಗನೆ ಮುಗಿದವು. ಬಳಿಕ ಜೀವರಕ್ಷಣೆಯ ಕವಾಯತು. 2012ರಲ್ಲೇ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ಮಗುಚಿದ ಮೇಲೆ ಇದರ ನಿಯಮ ಬಿಗಿಯಾಯಿತು. ತಾಯಿಯವರು ರಕ್ಷಾಕವಚವನ್ನು ಕರಡಿಗೆಯ ಮೇಲೆಯೇ ತೊಟ್ಟು ಸಾಲಿನಲ್ಲಿ ನಿಂತರು.