ಮಿರಗದ ಮಳೆ, ಆರನೆಯ ಸೆಮಿಸ್ಟರು

ಆರನೆಯ ಸೆಮಿಸ್ಟರಿನ ಕೊನೆಯ ಪೇಪರು ಮುಗಿಯುವುದಕ್ಕೂ ಮಿರಗದ ಮಳೆ ಹನಿಯುವುದಕ್ಕೂ ನಮ್ಮ ಕಡೆ ಬಹಳ ದಿನಗಳ ಅಂತರ ಇರುವುದಿಲ್ಲ. ಬೈಲಹೊಂಗಲದ ಎರಿ ಹೊಲಗಳಲ್ಲಿ ಸೋಯಾಬೀನು ಬಿತ್ತಲು ಕೂರಿಗೆ ಹೊರಬೀಳುವ ಹೊತ್ತಿಗೆ ಹಾಲ್ ಟಿಕೆಟ್ಟನ್ನು ಇನ್ನೂ ಕಿಸೆಯಲ್ಲೇ ಇಟ್ಟುಕೊಂಡ ಹುಡುಗ ಮನೆಗೆ ಬಂದಿರುತ್ತಾನೆ. ಹೊಲದ ಹದ ಎಷ್ಟು ದಿನ ಉಳಿಯುತ್ತದೆ ಎಂಬುದು ಅಪ್ಪನಿಗೆ ಗೊತ್ತು. ಮಗನ ಹದ ಎಷ್ಟು ವರ್ಷ ಉಳಿಯುತ್ತದೆ ಎಂಬುದನ್ನು ಮಾತ್ರ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ.

"ಮುಂದೇನ್ ವಿಚಾರ ಮಾಡೀಯೋ ತಮ್ಮಾ?" ಗುಡಿಕಟ್ಟೆಯ ಮೇಲೆ ಕೂತ ಕಾಕಾ ಕೇಳುತ್ತಾರೆ. ಸವದತ್ತಿ ಬಸ್ಸಿನಲ್ಲಿ ಪಕ್ಕಕ್ಕೆ ಬಂದ ಪರಿಚಯದವರು ಕೇಳುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಬೀಗರು ಕೇಳುತ್ತಾರೆ. "ಎಕ್ಸಾಮ್‌ಗೆ ಓದಾಕತ್ತೇನ್ರಿ" ಎಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಯಾವ ಎಕ್ಸಾಮು, ಎಷ್ಟನೆಯ ಸಲ, ಇನ್ನೆಷ್ಟು ಸಲ ಎಂದು ಯಾರೂ ಕೆದಕುವುದಿಲ್ಲ. ಕೇಳಿದವರಿಗೂ ಸಮಾಧಾನ, ಹೇಳಿದವನಿಗೂ ಮಾನ. ಈ ಸೀಮೆಯ ಪದವಿ ತರಗತಿಗಳಲ್ಲಿ ಪಾಠ ಹೇಳುತ್ತ ಬಂದ ನನಗೆ ಆ ಒಂದು ವಾಕ್ಯದ ಹಿಂದೆ ಎಷ್ಟು ಬಗೆಯ ಮನಸ್ಸುಗಳು ಅಡಗಿರುತ್ತವೆ ಎಂಬುದು ಗೊತ್ತು. ನಿಜವಾಗಿ ಪಿಎಸ್‌ಐ ಆಗಬೇಕೆಂದು ಬೆಳಗಿನ ನಾಲ್ಕಕ್ಕೆದ್ದು ಓಡುವ ಹುಡುಗನೂ ಅದನ್ನೇ ಹೇಳುತ್ತಾನೆ. ಏನು ಮಾಡಬೇಕೆಂದು ತಿಳಿಯದೆ ಎದೆಯೊಳಗೆ ನಡುಗುತ್ತಿರುವವನೂ ಅದನ್ನೇ ಹೇಳುತ್ತಾನೆ.

ಹಾಗೆ ಹೇಳಿದವರ ಮುಂದಿನ ದಾರಿ ಕೋಚಿಂಗಿಗೆಂದು ಧಾರವಾಡ. ಕಿತ್ತೂರಿನವರಿಗೆ ಹೆದ್ದಾರಿ ಹಿಡಿದರೆ ಮುಗಿಯಿತು; ಬೈಲಹೊಂಗಲ, ಸವದತ್ತಿಯವರಿಗೂ ಅರ್ಧ ದಿನದಲ್ಲಿ ಹೋಗಿ ಬರುವ ದಾರಿ; ರಾಮದುರ್ಗದವರಿಗೆ ಸ್ವಲ್ಪ ದೂರ. ಸಪ್ತಾಪುರದ ಸುತ್ತಲಿನ ಓಣಿಗಳಲ್ಲಿ ನಾಲ್ಕು ಜನ ಕೂಡಿ ಹಿಡಿದ ಖೋಲಿ, ಗೋಡೆಗೆ ಭಾರತದ ನಕ್ಷೆ, ತಿಂಗಳ ಫೀ ಕಟ್ಟಿ ಕೂರುವ ರೀಡಿಂಗ್ ರೂಮು, ಕೆಎಎಸ್, ಪಿಡಿಒ, ಎಫ್‌ಡಿಎ, ಎಸ್‌ಡಿಎ, ಟಿಇಟಿ ಎಂದು ಬದಲಾಗುತ್ತ ಹೋಗುವ ಪುಸ್ತಕಗಳು. ಹೊಟ್ಟೆಯ ವ್ಯವಸ್ಥೆಯನ್ನು ಊರೇ ನೋಡಿಕೊಳ್ಳುತ್ತದೆ. ಬೆಳಗಿನ ಬಸ್ಸಿಗೆ ಅವ್ವ ರೊಟ್ಟಿ, ಕಾಳುಪಲ್ಲೆ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿಯ ಬುತ್ತಿ ಕಟ್ಟಿ, ಚೀಟಿಯ ಮೇಲೆ ಹೆಸರು ಬರೆಸಿ ಕಳಿಸುತ್ತಾಳೆ. ಕಂಡಕ್ಟರು ಅದನ್ನು ಒಯ್ದು ಧಾರವಾಡದಲ್ಲಿ ಇಳಿಸುತ್ತಾರೆ. ಬಸ್ ನಿಲ್ದಾಣದಲ್ಲಿ ಹುಡುಗರು ತಮ್ಮೂರಿನ ಗಾಡಿಯ ದಾರಿ ಕಾಯುತ್ತ ನಿಂತಿರುತ್ತಾರೆ. ಉತ್ತರ ಕರ್ನಾಟಕದ ಓದಿನ ಚರಿತ್ರೆಯನ್ನು ಯಾರಾದರೂ ಬರೆದರೆ ಈ ಬುತ್ತಿಗೆ ಒಂದು ಅಧ್ಯಾಯ ಕೊಡಬೇಕು. ಎಷ್ಟೋ ಅಧಿಕಾರಿಗಳು, ಪ್ರಾಧ್ಯಾಪಕರು ಇದನ್ನು ತಿಂದೇ ಮೇಲೆ ಬಂದವರು.

ಬುತ್ತಿ ಎಷ್ಟು ವರ್ಷ ಬರಬೇಕು ಎಂಬುದಷ್ಟೇ ನನ್ನ ಚಿಂತೆ. ಮೊದಲ ವರ್ಷ ಅದು ಆಶೀರ್ವಾದ. ಐದನೆಯ ವರ್ಷ ಡಬ್ಬಿಯ ಮುಚ್ಚಳ ತೆಗೆಯುವಾಗ ಕೈ ಭಾರವಾಗುತ್ತದೆ ಎಂದು ಹುಡುಗರೇ ನನ್ನೆದುರು ಹೇಳಿದ್ದಾರೆ. ಈ ವರ್ಷಗಳು ಕಳೆದುಹೋಗುವುದು ಅವರ ಸೋಮಾರಿತನದಿಂದ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಆಯ್ಕೆಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರ ಎರಡು ವರ್ಷಕ್ಕೂ ಮೀರಿದ ವಯಸ್ಸನ್ನು ಯಾರು ತಿರುಗಿ ಕೊಟ್ಟರು? ಅದೇ 2024ರ ಆಗಸ್ಟಿನಲ್ಲಿ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ ನಡೆದಾಗ ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರಿನಲ್ಲಿ ಮತ್ತೊಮ್ಮೆ ಪರೀಕ್ಷೆ ನಡೆಸಬೇಕಾಯಿತು. ಆಗಲೂ ತಪ್ಪುಗಳಿದ್ದವು. ಕನ್ನಡ ಮಾಧ್ಯಮದಲ್ಲೇ ಒಂದನೆಯ ಇಯತ್ತೆಯಿಂದ ಬಂದ ಮುರಗೋಡದ, ಸುರೇಬಾನದ ಮಕ್ಕಳು ತಮ್ಮ ಭಾಷೆಯ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ಇಂಗ್ಲಿಷ್ ಪ್ರಶ್ನೆಯನ್ನು ಓದಬೇಕಾಯಿತು. ಈ ಅನ್ಯಾಯದ ಲೆಕ್ಕವನ್ನು ಅವರ ತಲೆಗೆ ಕಟ್ಟಬಾರದು.

ಆದರೆ ಹೊರಗಿನ ಅನ್ಯಾಯವನ್ನು ಬಿಟ್ಟು ಮನೆಯೊಳಗಿನ ಲೆಕ್ಕವೊಂದಿದೆ. ಈ ಕಾಯುವ ವರ್ಷಗಳ ಖರ್ಚನ್ನು ಯಾರು ಕೊಡುತ್ತಾರೆ? ಡೇರಿಗೆ ಹಾಲು ಹಾಕಿ ಬಂದ ಅವ್ವನ ರೊಕ್ಕ, ಮಹಿಳಾ ಸಂಘದಿಂದ ಎತ್ತಿದ ಸಾಲ, ದಲಾಲಿ ಅಂಗಡಿಯಲ್ಲಿ ಹತ್ತಿಯ ಮೇಲೆ ಎತ್ತಿದ ಮುಂಗಡ. ಬಹಳ ಮನೆಗಳಲ್ಲಿ ಇನ್ನೊಬ್ಬನಿರುತ್ತಾನೆ: ಪಿಯುಸಿಗೇ ಓದು ಬಿಟ್ಟ ಅಣ್ಣನೋ ತಮ್ಮನೋ. ಗೋವೆಯ ವೆರ್ಣಾದ ಫ್ಯಾಕ್ಟರಿಯಲ್ಲಿ, ಬೆಳಗಾವಿಯ ಫೌಂಡ್ರಿಯಲ್ಲಿ, ಧಾರವಾಡದ ಬಸ್ ಕಟ್ಟುವ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿದು ತಿಂಗಳಿಗಿಷ್ಟು ಎಂದು ಖೋಲಿಯ ಬಾಡಿಗೆಗೆ ಹಾಕುತ್ತಾನೆ. ಅವನು ಯಾವ ವೃತ್ತಿಯನ್ನು ಆರಿಸಿಕೊಂಡ ಎಂದು ಯಾರೂ ಅವನನ್ನು ಕೇಳಲಿಲ್ಲ. ಡಿಗ್ರಿ ಮುಗಿಸಿದವನ ದಾರಿಯ ಬಗ್ಗೆ ಮಾತಾಡುವಾಗಲೆಲ್ಲ ನನಗೆ ಅವನ ಮುಖ ಕಾಣುತ್ತದೆ.

ಇಂಥ ಲೆಕ್ಕವನ್ನು ಒಮ್ಮೆ ದೊಡ್ಡ ಮನಸ್ಸಿನಿಂದ ಮಾಡಿದವರು ಇದೇ ಸವದತ್ತಿ ತಾಲೂಕಿನವರು. ಶಿರಸಂಗಿಯ ಲಿಂಗರಾಜ ದೇಸಾಯಿ 1861ರಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡರು. 1904ರಲ್ಲಿ ಧಾರವಾಡದಲ್ಲಿ ಸೇರಿದ ಮೊದಲ ವೀರಶೈವ ಮಹಾಸಭೆಗೆ ಅಧ್ಯಕ್ಷರಾಗಿದ್ದವರು. ಮೃತ್ಯುಪತ್ರ ಬರೆದು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆ ಇಟ್ಟು ಹೋದರು. ಅದು ಅಂದು ಒಂದೇ ಸಮಾಜದ ವಿದ್ಯಾರ್ಥಿಗಳಿಗೆ ಮೀಸಲಾದ ನಿಧಿ, ನಿಜ. ಆದರೆ ಓದುವವನ ಭಾರವನ್ನು ಅವನ ಅಪ್ಪನ ಹೊಲವೊಂದೇ ಹೊರಬೇಕಾಗಿಲ್ಲ ಎಂದು ನಮ್ಮ ನೆಲದಲ್ಲಿ ಗಟ್ಟಿಯಾಗಿ ತೋರಿಸಿದ ಕೆಲಸ ಅದು. ಶಿರಸಂಗಿಯ ಮೇಲೆ ಹಾದುಹೋಗುವಾಗ ನಮ್ಮ ಹುಡುಗರಿಗೆ ಕಾಳಮ್ಮನ ಗುಡಿ ಗೊತ್ತಿರುತ್ತದೆ, ಈ ಮೃತ್ಯುಪತ್ರ ಗೊತ್ತಿರುವುದಿಲ್ಲ.

ಅವರು ತೀರಿಕೊಂಡ ಹತ್ತು ವರ್ಷಕ್ಕೆ, 1916ರ ನವೆಂಬರಿನಲ್ಲಿ, ಬೆಳಗಾವಿಯಲ್ಲಿ ಒಂದು ಶಾಲೆ ತೆರೆಯಿತು. ಮುಂದೆ ಅದಕ್ಕೆ ಗಿಲಗಂಚಿ ಅರಟಾಳ ಹೈಸ್ಕೂಲು ಎಂದು ಹೆಸರಾಯಿತು. ಕೆಎಲ್‌ಇ ಸಂಸ್ಥೆಯ ಬೀಜ ಅದೇ. ಅದನ್ನು ಕಟ್ಟಲು ನಿಂತ ಏಳು ಶಿಕ್ಷಕರನ್ನು ಜನ ಇಂದಿಗೂ ಸಪ್ತರ್ಷಿಗಳು ಎನ್ನುತ್ತಾರೆ. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಬಿ.ಬಿ. ಮಮದಾಪುರ ಅವರಲ್ಲಿ ಸೇರಿದವರು. ಆ ಕಾಲದಲ್ಲಿ ಈ ಭಾಗದಲ್ಲಿ ಡಿಗ್ರಿ ಪಡೆದವರೆಂದರೆ ಊರಿಗೆ ಊರೇ ನೋಡಲು ಬರುತ್ತಿತ್ತು. ಕಚೇರಿಯ ಕುರ್ಚಿ ಅವರಿಗೆ ದೂರವಿರಲಿಲ್ಲ. ಅವರು ಹಿಡಿದದ್ದು ಇನ್ನೂ ಗಟ್ಟಿಯಾಗಿ ನಿಂತಿರದ ಶಾಲೆಯ ಮೇಷ್ಟ್ರ ಕೆಲಸ. ಲಿಂಗರಾಜರ ಹೆಸರಿನ ಕಾಲೇಜು ಬೆಳಗಾವಿಯಲ್ಲಿ ಆರಂಭವಾದದ್ದು 1933ರಲ್ಲಿ. ಇಂದು ಸವದತ್ತಿಯಲ್ಲೇ ಕೆಎಲ್‌ಇ ಸಂಸ್ಥೆಯ ಕಾಲೇಜಿದೆ. ಬಸವನಾಳರ ಮುಂದೆ ಅಧಿಸೂಚನೆ ಇರಲಿಲ್ಲ, ಹುದ್ದೆಗಳ ಸಂಖ್ಯೆ ಇರಲಿಲ್ಲ, ಕಟ್ ಆಫ್ ಇರಲಿಲ್ಲ. ಬೆಳಗಾವಿಯ ಕನ್ನಡ ಮಕ್ಕಳಿಗೆ ಶಾಲೆ ಬೇಕು ಎಂಬುದು ಕಣ್ಣಿಗೆ ಕಂಡಿತ್ತು. ನಮ್ಮ ಹುಡುಗರೆಲ್ಲ ಸಪ್ತರ್ಷಿಗಳಾಗಬೇಕೆಂದು ನಾನು ಕೇಳುತ್ತಿಲ್ಲ. ಬಡತನವನ್ನು ತ್ಯಾಗವೆಂದು ಹೊಗಳುವುದು ನನಗೆ ಸೇರದ ಮಾತು. ಊರಿಗೆ ಏನು ಬೇಕು ಎಂದು ಸುತ್ತ ನೋಡುವ ಆ ಕಣ್ಣು ನಮ್ಮ ತರಗತಿಗಳಿಂದ ಯಾಕೆ ಹೊರಟುಹೋಯಿತು ಎಂಬುದನ್ನಷ್ಟೇ ಕೇಳುತ್ತಿದ್ದೇನೆ.

ನೋಡಲು ಬೇಕಾದಷ್ಟಿದೆ. ಬೈಲಹೊಂಗಲ ಹತ್ತಿಯ ಪೇಟೆ. ಆದರೆ ನಮ್ಮ ಬಿ.ಕಾಂ. ಹುಡುಗರಲ್ಲಿ ಜಿನ್ನಿಂಗ್ ಫ್ಯಾಕ್ಟರಿಯೊಳಗೆ ಕಾಲಿಟ್ಟು, ಹತ್ತಿಯಿಂದ ಅರಳೆ ಬೇರೆಯಾಗಿ ಕಾಳು ಎಣ್ಣೆಯ ಗಿರಣಿಗೆ ಹೋಗುವ ವ್ಯಾಪಾರವನ್ನು ಕಂಡವರು ಕಡಿಮೆ. ಸವದತ್ತಿ ಪಕ್ಕದ ನವಿಲುತೀರ್ಥದ ಅಣೆಕಟ್ಟಿಗೆ ಪಿಕ್ನಿಕ್ ಹೋದವರುಂಟು. ಮಲಪ್ರಭೆಯ ನೀರು ಹಂಚುವುದಕ್ಕೆ ಎಂಥ ಓದು ಬೇಕು ಎಂದು ಕೇಳಿದವರಿಲ್ಲ. ಬನದ ಹುಣ್ಣಿಮೆಗೂ ಭರತ ಹುಣ್ಣಿಮೆಗೂ ಯಲ್ಲಮ್ಮನ ಗುಡ್ಡಕ್ಕೆ ಬರುವ ಲಕ್ಷಾಂತರ ಜನರಿಗೆ ನೀರು, ನೆರಳು, ವಸತಿ, ಸ್ವಚ್ಛತೆ ಒದಗಿಸುವುದೇ ಒಂದು ದೊಡ್ಡ ಉದ್ಯೋಗ ಎಂದು ನಮ್ಮ ಸಮಾಜಶಾಸ್ತ್ರದ ಪಾಠ ಎಂದೂ ಹೇಳಿಕೊಡಲಿಲ್ಲ. ರಾಮದುರ್ಗದ ಮಗ್ಗದ ಸಪ್ಪಳ ಕಾಲೇಜಿಗೆ ಬರುವ ದಾರಿಯಲ್ಲೇ ಕೇಳುತ್ತದೆ. ನೇಕಾರರ ಮಗ ಮಾತ್ರ ಆ ಸಪ್ಪಳದಿಂದ ದೂರ ಹೋಗಲೆಂದೇ ಡಿಗ್ರಿಗೆ ಬಂದಿರುತ್ತಾನೆ, ಅವನ ಅಪ್ಪನೂ ಹಾಗೆಂದೇ ಕಳಿಸಿರುತ್ತಾನೆ. ಕೂಲಿ ಸಾಲದ ಮಗ್ಗದ ಮುಂದೆ ಕೂತು ಬೆನ್ನು ಬಾಗಿದವನಿಗೆ ಅದನ್ನೇ ಮಗನಿಗೆ ಕೊಡು ಎಂದು ಹೇಳುವ ಹಕ್ಕು ನನಗಿಲ್ಲ.

ಮಾತು ಇಲ್ಲಿಗೆ ಬಂದರೆ ಮದುವೆಯ ವಿಷಯವನ್ನು ಬಿಡಲಾಗದು. ಹತ್ತು ಎಕರೆ ನೀರಾವರಿ ಇದ್ದವನಿಗೂ ಕನ್ಯೆ ಸಿಗುವುದಿಲ್ಲ. "ಹುಡುಗಗ ನೌಕರಿ ಐತೇನ್ರಿ?" ಎಂಬುದು ಬೀಗರ ಮೊದಲ ಮಾತು. ಆದ್ದರಿಂದ ಹುಡುಗ ಓದುತ್ತಿರುವುದು ನೌಕರಿಗೆಂದು ನಾವು ತಿಳಿದಿರುತ್ತೇವೆ, ಅವನು ಓದುತ್ತಿರುವುದು ತನ್ನ ಸಂಸಾರಕ್ಕೆ. ಕೃಷಿಯಲ್ಲಿ ಆಸೆಯಿದ್ದ ಹುಡುಗನೊಬ್ಬ ನನಗೆ ಹೇಳಿದ: "ಹೊಲ ಮಾಡಾಕ ನನಗೇನ್ ಬ್ಯಾಸರಿಲ್ರಿ ಸರ್, ಆದ್ರ ಹೊಲ ಮಾಡ್ತೀನಂದ್ರ ಒಬ್ಬಾವನ ಮಾಡಬೇಕಾಕ್ಕೇತಿ." ಇಂಥವನಿಗೆ ಯಾವ ಮಾರ್ಗದರ್ಶನ ಶಿಬಿರ ಏನು ಹೇಳೀತು? ಹೆಣ್ಣು ಹೆತ್ತವರನ್ನೂ ಬಯ್ಯುವಂತಿಲ್ಲ. ಮಳೆ, ಬೆಲೆ ಎರಡನ್ನೂ ನಂಬಿ ಸೋತ ಮನೆಯಲ್ಲಿ ಸೊಸೆಯ ಪಾಲಿಗೆ ಬರುವುದೇನು ಎಂಬುದು ಅವರಿಗೆ ಗೊತ್ತಿದೆ.

ಹೆಣ್ಣುಮಕ್ಕಳ ಕಥೆಯೇ ಬೇರೆ. "ಮನ್ಯಾಗ ಎರಡ ವರ್ಷ ಟೈಮ್ ಕೊಟ್ಟಾರ್ರಿ" ಎಂದು ಅವರು ಹೇಳುವಾಗ ನನಗೆ ಸಂಕಟವೂ ಆಗುತ್ತದೆ, ಒಂದು ಬಗೆಯ ಗೌರವವೂ ಮೂಡುತ್ತದೆ. ಅಣ್ಣನಿಗೆ ಯಾರೂ ಗಡುವು ಹಾಕಲಿಲ್ಲ, ಇವಳಿಗೆ ಹಾಕಿದ್ದಾರೆ. ಅದು ನ್ಯಾಯವಲ್ಲ. ಆದರೆ ಗಡುವು ಇದ್ದುದರಿಂದಲೇ ಈ ಹುಡುಗಿಯರು ಮೊದಲ ದಿನದಿಂದ ಲೆಕ್ಕ ಹಾಕಿ ನಡೆಯುತ್ತಾರೆ. ಬಿ.ಎಡ್. ಈಗ ಎರಡು ವರ್ಷದ ಓದು, ಅದಕ್ಕೆ ಕೂತರೆ ಟೈಮೆಲ್ಲ ಅಲ್ಲೇ ಮುಗಿಯುತ್ತದೆ, ಹಾಗಾದರೆ ನಡುವೆ ಟಿಇಟಿ ಯಾವಾಗ ಎಂದು ಮೂರನೆಯ ವರ್ಷದಲ್ಲೇ ಬಂದು ಕೇಳುತ್ತಾರೆ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಅವರ ಹಾದಿ ಹಿಗ್ಗಿದ್ದನ್ನು ನಾನು ಕಣ್ಣಾರೆ ಕಾಣುತ್ತಿದ್ದೇನೆ. ಧಾರವಾಡದ ಕೋಚಿಂಗಿಗೆ, ಬೆಳಗಾವಿಯ ಆಸ್ಪತ್ರೆ, ಅಂಗಡಿ, ಆಫೀಸುಗಳ ಕೆಲಸಕ್ಕೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳುತ್ತಾರೆ. ಖೋಲಿ ಹಿಡಿಯಲು ಮನೆಯವರು ಒಪ್ಪದಿದ್ದರೂ ದಿನಾ ಹೋಗಿ ಬರಲು ಒಪ್ಪುತ್ತಾರೆ. ಈ ಯೋಜನೆಯ ಬಗ್ಗೆ ಪೇಟೆಯಲ್ಲಿ ಕೇಳುವ ಚೇಷ್ಟೆಯ ಮಾತುಗಳಿಗೆ ನನ್ನ ಉತ್ತರ ಬೆಳಗಿನ ಆ ಬಸ್ಸು.

ಸರ್ಕಾರ ಯುವನಿಧಿಯೆಂದು ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುತ್ತದೆ. ಕಷ್ಟದ ಮನೆಗೆ ಅದು ಆಸರೆ. ನನ್ನ ಆಸೆ ಇಷ್ಟು: ಆ ಎರಡು ವರ್ಷವನ್ನೇ ಮನೆಯವರೂ ಗಂಡುಮಗನಿಗೆ ಒಂದು ಮೇರೆಯೆಂದು ಇಟ್ಟುಕೊಳ್ಳಲಿ. ಧಾರವಾಡಕ್ಕೆ ಹೋಗುವ ಮುನ್ನಾದಿನ ಅಪ್ಪ, ಅವ್ವ, ದುಡಿಯುವ ಅಣ್ಣ, ಮದುವೆಗೆ ಬಂದ ತಂಗಿ ಎಲ್ಲರೂ ಕೂತು, ಎಷ್ಟು ರೊಕ್ಕ, ಯಾರದು, ಎಲ್ಲಿಯವರೆಗೆ, ಆಗದಿದ್ದರೆ ಯಾವ ಕೆಲಸ ಎಂದು ಒಮ್ಮೆ ಮಾತಾಡಲಿ. ಹೀಗೆ ಮಾತಾಡಿದರೆ ಹುಡುಗನ ಧೈರ್ಯ ಕುಗ್ಗುತ್ತದೆಂದು ಹೆದರುವ ತಂದೆಯರಿದ್ದಾರೆ. ನಾನು ಕಂಡಂತೆ ಮೇರೆ ತಿಳಿದ ಹುಡುಗರೇ ನಿದ್ದೆ ಮಾಡುತ್ತಾರೆ. ಕಾಲೇಜುಗಳೂ ತಮ್ಮ ಪಾಲನ್ನು ಮಾಡಬೇಕು. 2010ರವರೆಗೆ ನಮ್ಮ ಮಕ್ಕಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವೀಧರರಾಗುತ್ತಿದ್ದರು; ಆಮೇಲೆ ಚನ್ನಮ್ಮನ ಹೆಸರಿನ ವಿಶ್ವವಿದ್ಯಾಲಯ ಬೆಳಗಾವಿಯಲ್ಲೇ ಬಂತು. ವಿಶ್ವವಿದ್ಯಾಲಯ ಹತ್ತಿರವಾದಂತೆ ಓದೂ ಊರಿಗೆ ಹತ್ತಿರವಾಗಬೇಕಿತ್ತು. ಎರಡನೆಯ ವರ್ಷದಲ್ಲೇ ಮಕ್ಕಳನ್ನು ಒಂದೊಂದು ತಿಂಗಳು ಕೋರ್ಟಿಗೆ, ಎಪಿಎಂಸಿಗೆ, ಸಕ್ಕರೆ ಕಾರ್ಖಾನೆಗೆ, ತಾಲೂಕು ಆಸ್ಪತ್ರೆಗೆ ಕಳಿಸಿದರೆ ಪಾಠ ಹಾಳಾಗುವುದಿಲ್ಲ.

ರಾಮದುರ್ಗದ ನೇಕಾರ ಮನೆತನದ ಹುಡುಗಿಯೊಬ್ಬಳು ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಳು. ಓದಿನ ನಡುವೆ ಅಪ್ಪನ ನೂಲಿನ ಬಿಲ್ಲುಗಳನ್ನು ನೋಡಿ ಜಿಎಸ್‌ಟಿ ಲೆಕ್ಕ ಬರೆದಳು. ಪಕ್ಕದ ಮನೆಯವರು ತಮ್ಮದನ್ನೂ ತಂದರು, ಆಮೇಲೆ ಓಣಿಯವರು. ಈಗ ಮನೆಯ ಪಡಸಾಲೆಯಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು. ನೂಲಿನ ವ್ಯಾಪಾರಿಗಳೂ ಸೀರೆಯ ವ್ಯಾಪಾರಿಗಳೂ ಕಡತ ಹಿಡಿದು ಬರುತ್ತಾರೆ. ತಿಂಗಳ ಗಳಿಕೆ ಇನ್ನೂ ಕ್ಲಾರ್ಕಿನ ಪಗಾರದಷ್ಟಿಲ್ಲ. ಅವಳು ಪರೀಕ್ಷೆ ಬಿಟ್ಟಿಲ್ಲ, 28 ತುಂಬುವವರೆಗೆ ಬರೆಯುತ್ತಾಳಂತೆ. ಅವಳ ಅಪ್ಪ ಬಂದು, "ಸರ್, ಇಕಿಗೆ ಬ್ಯಾಂಕಿನ್ಯಾಗ ಆಗೂ ಹಂಗ ಐತೇನ್ರಿ?" ಎಂದು ಕೇಳಿದರು. "ಆದ್ರೂ ಆಗಬಹುದ್ರಿ ಯಜಮಾನ್ರ. ಅಲ್ಲೀತನಕ ಬರೂ ಮಂದಿಗೆ ಕೂಡ್ರಾಕ ಇನ್ನೆರಡ ಕುರ್ಚಿ ಹಾಕಿಸ್ರಿ, ಹೊರಗ ಮನಿಗೆ ಆಕಿ ಹೆಸರಿಂದ ಒಂದು ಬೋರ್ಡ್ ಹಚ್ಚಸ್ರಿ" ಎಂದೆ. ಬೋರ್ಡಿನ ಮೇಲೆ ಡಿಗ್ರಿಯನ್ನೂ ಬರೆಸಬೇಕೋ ಎಂದು ಕೇಳಿದರು. ಬರೆಸಲೇಬೇಕು ಎಂದು ಹೇಳಿ ಕಳಿಸಿದ್ದೇನೆ.